ಯಂತ್ರದ ದೋಷವೊ, ದುಭಾಷಿಯ ದೋಷವೊ?

ಮನೆಯಲ್ಲಿ ಒಂದು ಯಂತ್ರವು ಕೆಟ್ಟಿತೆಂದರೆ ನಾವು ಸಾಮಾನ್ಯವಾಗಿ ಎರಡರಲ್ಲೊಂದನ್ನು ಮಾಡುತ್ತೇವೆ. ಅದನ್ನು ಅಲುಗಿಸಿ, ತಟ್ಟಿ, ಮತ್ತೆ ಮತ್ತೆ ನಡೆಸಲು ಹವಣಿಸುತ್ತೇವೆ. ಇಲ್ಲವೆ, ಮೂಲೆಗೆ ಹಾಕಿ ಹೊಸದನ್ನು ಕೊಳ್ಳುತ್ತೇವೆ. ದೋಷವು ಎಲ್ಲಿದೆಯೆಂದು ತಾಳ್ಮೆಯಿಂದ ಹುಡುಕುವವರು ಕಡಮೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರೆಂಬ ಗಾದೆಯು ನಮ್ಮವರಲ್ಲಿ ಸುಮ್ಮನೆ ಹುಟ್ಟಲಿಲ್ಲ. ಕಂಪ್ಯೂಟರಿನ ವಿಷಯದಲ್ಲಂತೂ ಈ ಗಾದೆಯು ನಿತ್ಯವೂ ನಿಜವಾಗುತ್ತಿರುತ್ತದೆ. ಏಕೆಂದರೆ ಅಲ್ಲಿ ಎತ್ತು ಯಾವುದು, ಎಮ್ಮೆ ಯಾವುದು ಎಂಬುದೇ ಕಣ್ಣಿಗೆ ಕಾಣುವುದಿಲ್ಲ. ಇದನ್ನು ನಾನು ಕಲಿತದ್ದು ಅಂಗೈಯಗಲದ ಒಂದು ಸಣ್ಣ ಕಾರ್ಡಿನಿಂದ. ಆ ಪಾಠಕ್ಕೆ ನಾವು ತೆರಬೇಕಾಗಿ ಬರುತ್ತಿದ್ದ ಬೆಲೆಯು ಕಾರ್ಡಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚಿನದಾಗಿದ್ದಿತಾದ ಕಾರಣ, ಆ ಸಂಗತಿಯನ್ನು ವಾಚಕರ ಮುಂದಿಡುವುದು ಉಚಿತವೆಂದು ತೋರಿತು.

ಇದು ೨೦೧೯ನೆಯ ಇಸವಿಯ ಮಾತು. ನಮ್ಮ ತಾಯಿಯವರು ತೀರಿಕೊಂಡು ಎರಡು ವರ್ಷಗಳಾಗಿದ್ದುವು. ಅವರಿಗೆ ಸಂಪ್ರದಾಯದ ಹಾಡುಗಳು ಬಹಳ ಬರುತ್ತಿದ್ದುವು. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಸುವಾಗಿನ ಹಾಡು, ಮಗುವನ್ನು ತೂಗುವಾಗಿನ ಜೋಗುಳ, ಇವುಗಳನ್ನೆಲ್ಲ ನನ್ನ ತಂಗಿಯು ಅವರ ಕಡೆಯ ಕೆಲವು ವರ್ಷಗಳಲ್ಲಿ ಪಕ್ಕದಲ್ಲಿ ಕುಳಿತು ಧ್ವನಿಮುದ್ರಣ ಮಾಡಿಟ್ಟಿದ್ದಳು. ಇವೂ, ಮನೆಯ ಮದುವೆ ಮುಂಜಿಗಳ ಚಿತ್ರಗಳೂ ಸೇರಿ, ಸುಮಾರು ೪೦೦ ಗಿಗಾಬೈಟಿನಷ್ಟು ಸಂಗ್ರಹವು ಒಂದೇ ಒಂದು ಹಾರ್ಡ್ ಡಿಸ್ಕಿನಲ್ಲಿದ್ದಿತು. ಬೇರೆ ಪ್ರತಿಯಿರಲಿಲ್ಲ. ಡಿಸ್ಕು ಹಳೆಯದು. ತಾಯಿಯವರ ಶ್ರಾದ್ಧಕ್ಕೆ ತಮ್ಮನೂ ತಂಗಿಯೂ ನಮ್ಮಲ್ಲಿಗೆ ಬರುವವರಿದ್ದರು. ಆಗ ಅವರಿಬ್ಬರಿಗೂ ಒಂದೊಂದು ಪ್ರತಿಯನ್ನು ಕೊಟ್ಟು, ನಮ್ಮಲ್ಲಿಯೂ ಒಂದನ್ನು ಇಟ್ಟುಕೊಳ್ಳಬೇಕೆಂದು ಮೂರು ಹೊಸ ಡಿಸ್ಕುಗಳನ್ನು ತರಿಸಿದ್ದಾಯಿತು.

ನಮ್ಮ ಮನೆಯ ಕಂಪ್ಯೂಟರಿಗೆ ಆಗಲೇ ಒಂಬತ್ತು ವರ್ಷಗಳಾಗಿದ್ದುವು. ಅದರಲ್ಲಿದ್ದ ಯು.ಎಸ್.ಬಿ. ದ್ವಾರಗಳೆಲ್ಲ ಎರಡನೆಯ ತಲೆಮಾರಿನವು. ಇಂಜಿನಿಯರಿಂಗ್ ಓದುತ್ತಿದ್ದ ನಮ್ಮ ಹುಡುಗನು ಕಾಗದದ ಮೇಲೆ ಲೆಕ್ಕ ಹಾಕಿದನು. ಅಂಥ ದ್ವಾರದಲ್ಲಿ ಸೆಕೆಂಡಿಗೆ ೩೦ ಮೆಗಾಬೈಟಿನಂತೆ ಸಾಗಿದರೂ ಒಂದು ಪ್ರತಿಗೆ ಮೂರೂ ಮುಕ್ಕಾಲು ಗಂಟೆ ಹಿಡಿಯುವುದು. ಮೂರನೆಯ ತಲೆಮಾರಿನ ದ್ವಾರವಿದ್ದರೆ ಡಿಸ್ಕು ಸೆಕೆಂಡಿಗೆ ೧೦೦ ಮೆಗಾಬೈಟಿನಂತೆ ಓಡಿ, ಅದೇ ಕೆಲಸವನ್ನು ಒಂದು ಗಂಟೆ ಏಳು ನಿಮಿಷಗಳಲ್ಲಿ ಮುಗಿಸುವುದು. “ಅಪ್ಪ, ಒಂದು ಕಂಟ್ರೋಲರ್ ಕಾರ್ಡನ್ನು ತಂದು ಒಳಗೆ ಕೂಡಿಸಿದರೆ ಸಾಕು, ಹೊಸ ಕಂಪ್ಯೂಟರು ಬೇಕಿಲ್ಲ,” ಎಂದನು. ಮಾತು ನ್ಯಾಯವಾಗಿಯೇ ಇದ್ದಿತು. ಬೆಂಗಳೂರಿನಲ್ಲಿ ಜನರು ಎಸ್.ಪಿ. ರಸ್ತೆಯೆಂದು ಕರೆಯುವ ಸಾದರಪತ್ರಪ್ಪ ರಸ್ತೆಗೆ ಹೋಗಿ, ಒಂದು ಅಂಗಡಿಯಲ್ಲಿ ನಾಲ್ಕು ದ್ವಾರಗಳ ಕಾರ್ಡೊಂದನ್ನು ಕೊಂಡು ತಂದನು.

ಮುಂದಿನ ಕಥೆ ಅರ್ಥವಾಗಬೇಕಾದರೆ ಈ ಯು.ಎಸ್.ಬಿ. ಎಂಬುದೇನು, ಕಂಟ್ರೋಲರೆಂದರೇನು, ಡ್ರೈವರೆಂದರೇನು ಎಂಬುದನ್ನು ಸ್ವಲ್ಪ ತಿಳಿಯಬೇಕು.

ಇದಕ್ಕೆ ಮೊದಲು ಕಂಪ್ಯೂಟರಿನ ಬೆನ್ನಿನಲ್ಲಿ ಒಂದೊಂದು ಉಪಕರಣಕ್ಕೆ ಒಂದೊಂದು ಆಕಾರದ ದ್ವಾರವಿರುತ್ತಿದ್ದಿತು. ಕೀಲಿಮಣೆಗೆ ದುಂಡನೆಯದು, ಮುದ್ರಣಯಂತ್ರಕ್ಕೆ ಉದ್ದನೆಯದು, ಮೋಡೆಮಿಗೆ ಮತ್ತೊಂದು. ಈ ಗೊಂದಲವನ್ನು ತೊಡೆಯುವುದಕ್ಕಾಗಿ ಅಮೆರಿಕದ ಇಂಟೆಲ್ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಅಜಯ್ ಭಟ್ ಎಂಬ ಭಾರತೀಯ ಸಂಜಾತರು ತಮ್ಮ ಸಂಗಡಿಗರೊಡನೆ ದುಡಿದರು. ಇವರು ಬರೋಡೆಯ ವಿಶ್ವವಿದ್ಯಾನಿಲಯದಲ್ಲಿ ಓದಿದವರು. ಇಂಟೆಲ್, ಮೈಕ್ರೋಸಾಫ್ಟ್, ಐ.ಬಿ.ಎಂ., ಕಾಂಪ್ಯಾಕ್, ಎನ್.ಇ.ಸಿ. ಮೊದಲಾದ ಏಳು ಸಂಸ್ಥೆಗಳು ಒಡಗೂಡಿದ ಫಲವಾಗಿ ೧೯೯೬ನೆಯ ಜನವರಿಯಲ್ಲಿ ಮೊದಲನೆಯ ನಿಯಮಾವಳಿಯು ಹೊರಬಿದ್ದಿತು. ಆಗಿನ ಅತಿ ಹೆಚ್ಚಿನ ವೇಗವು ಸೆಕೆಂಡಿಗೆ ೧೨ ಮೆಗಾಬಿಟ್ಟು. ೨೦೦೦ನೆಯ ಇಸವಿಯಲ್ಲಿ ಬಂದ ಎರಡನೆಯ ತಲೆಮಾರಿನಲ್ಲಿ ಅದು ೪೮೦ ಆಯಿತು; ೨೦೦೮ರ ನವೆಂಬರಿನಲ್ಲಿ ಬಂದ ಮೂರನೆಯದರಲ್ಲಿ ೫೦೦೦ಕ್ಕೆ ಏರಿತು. ಮೊದಲಿನೆರಡರ ತಂತಿಯೊಳಗೆ ನಾಲ್ಕು ಎಳೆಗಳಿದ್ದರೆ, ಮೂರನೆಯದರಲ್ಲಿ ಆ ನಾಲ್ಕರ ಜೊತೆಗೆ ಇನ್ನೂ ಐದು ಸೇರಿ ಒಂಬತ್ತು ಸಂಪರ್ಕಗಳಾದುವು. ಹೊಸ ದ್ವಾರಗಳ ಬಾಯಲ್ಲಿ ಸಾಮಾನ್ಯವಾಗಿ ಕಾಣುವ ನೀಲಿ ಬಣ್ಣವು ಈ ಮೂರನೆಯ ತಲೆಮಾರಿನ ಗುರುತು.

ಯು.ಎಸ್.ಬಿ.ಯ ಏರ್ಪಾಡು ಹಳೆಯ ಕಾಲದ ಶಾಲೆಯ ಏರ್ಪಾಡಿನಂತಿದೆ. ಕಂಟ್ರೋಲರು ಉಪಾಧ್ಯಾಯನು, ತಂತಿಗೆ ತಗುಲಿದ ಉಪಕರಣಗಳು ವಿದ್ಯಾರ್ಥಿಗಳು. ಹೊಸದೊಂದು ಉಪಕರಣವು ಬಂದು ಸೇರಿದೊಡನೆ ಕಂಟ್ರೋಲರು ಅದನ್ನು, “ನೀನು ಯಾರು? ಯಾವ ಮನೆಯವನು? ನಿನಗೆ ಎಷ್ಟು ವಿದ್ಯುತ್ತು ಬೇಕು?” ಎಂದು ವಿಚಾರಿಸುತ್ತದೆ. ಉತ್ತರವು ಸರಿಯಾಗಿ ಬಂದರೆ ಅದಕ್ಕೆ ಒಂದರಿಂದ ೧೨೭ರೊಳಗಿನ ಒಂದು ಸಂಖ್ಯೆಯನ್ನು ಕೊಟ್ಟು ಹಾಜರಿಯ ಪಟ್ಟಿಗೆ ಸೇರಿಸಿಕೊಳ್ಳುತ್ತದೆ. ಆ ಮೇಲೆ ಮಾಹಿತಿಯ ಸಾಗಾಣಿಕೆಯೆಲ್ಲ ಕಂಟ್ರೋಲರಿನ ಮೇಲ್ವಿಚಾರಣೆಯಲ್ಲಿಯೇ ನಡೆಯತಕ್ಕದ್ದು. ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡನ್ನು ಕೂಡಿಸುವುದೆಂದರೆ ಶಾಲೆಗೆ ಹೆಚ್ಚು ಚುರುಕಾದ ಇನ್ನೊಬ್ಬ ಉಪಾಧ್ಯಾಯನನ್ನು ನೇಮಿಸಿದಂತೆ.

ಆದರೆ ಈ ಹೊಸ ಉಪಾಧ್ಯಾಯನ ಭಾಷೆಯು ಬೇರೆ. ಕಂಪ್ಯೂಟರಿನ ಆಡಳಿತವನ್ನು ನಡೆಯಿಸುವ ವಿಂಡೋಸ್ ಮೊದಲಾದ ಆಪರೇಟಿಂಗ್ ಸಿಸ್ಟಮುಗಳಿಗೂ ಇವನಿಗೂ ನೇರವಾಗಿ ಮಾತು ನಡೆಯಲಾರದು. ನಡುವೆ ಒಬ್ಬ ದುಭಾಷಿಯು ಬೇಕು. ಆ ದುಭಾಷಿಯೇ ಡ್ರೈವರ್. ಇಂಗ್ಲಿಷಿನ ಹೆಸರನ್ನು ಕೇಳಿ ಇದನ್ನು ಸಾರಥಿಯೆಂದು ಭಾವಿಸಬಾರದು. ಇದು ಸಾರಥಿಯ ಕೆಲಸಕ್ಕಿಂತ ದುಭಾಷಿಯ ಕೆಲಸವನ್ನೇ ಹೆಚ್ಚಾಗಿ ಮಾಡುತ್ತದೆ. ನ್ಯಾಯಸ್ಥಾನದಲ್ಲಿ ಸಾಕ್ಷಿಯು ನಿಜವನ್ನೇ ನುಡಿದರೂ ದುಭಾಷಿಯು ತಪ್ಪಾಗಿ ಹೇಳಿದರೆ ಸಾಕ್ಷಿಯೇ ಸುಳ್ಳನಾಗುವುದಿಲ್ಲವೆ? ಅದೇ ಅವಸ್ಥೆಯು ಇಲ್ಲಿಯೂ ಉಂಟು. ಕಾರ್ಡು ನಿರ್ದೋಷಿಯಾಗಿದ್ದು ಡ್ರೈವರು ಕೆಟ್ಟಿರಬಹುದು. ಡ್ರೈವರು ಸರಿಯಾಗಿದ್ದು ಕಾರ್ಡು ಕೆಟ್ಟಿರಬಹುದು. ಹೊರಗೆ ಕಾಣುವ ಲಕ್ಷಣವು ಮಾತ್ರ ಎರಡಕ್ಕೂ ಒಂದೇ: “ಉಪಕರಣವು ಕೆಲಸ ಮಾಡುತ್ತಿಲ್ಲ.”

ಈ ದುಭಾಷಿಗಳ ವಿಷಯದಲ್ಲಿ ಒಂದು ಚರಿತ್ರೆಯೂ ಉಂಟು. ಮೂರನೆಯ ತಲೆಮಾರಿನ ಕಂಟ್ರೋಲರುಗಳ ಭಾಷೆಗೆ ಎಕ್ಸ್.ಎಚ್.ಸಿ.ಐ. ಎಂದು ಹೆಸರು. ೨೦೦೯ನೆಯ ಅಕ್ಟೋಬರಿನಲ್ಲಿ ಮಾರಾಟಕ್ಕೆ ಬಂದ ವಿಂಡೋಸ್ ೭ಕ್ಕೆ ಈ ಭಾಷೆಯು ತಿಳಿಯದು. ಆದುದರಿಂದ ಕಾರ್ಡನ್ನು ತಯಾರಿಸಿದವರು ಪೆಟ್ಟಿಗೆಯೊಳಗೆ ಒಂದು ಪುಟ್ಟ ಸಿ.ಡಿ.ಯನ್ನಿಟ್ಟು ತಮ್ಮ ದುಭಾಷಿಯನ್ನು ತಾವೇ ಕಳುಹಿಸಬೇಕಾಗಿದ್ದಿತು. ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮಿನಲ್ಲಿ ೨೦೦೯ರ ಸೆಪ್ಟೆಂಬರಿನಲ್ಲಿಯೇ ಇದಕ್ಕೆ ವ್ಯವಸ್ಥೆಯಾಗಿದ್ದಿತು. ವಿಂಡೋಸಿನಲ್ಲಿ ೨೦೧೨ರಲ್ಲಿ ಬಂದ ವಿಂಡೋಸ್ ೮ರಿಂದ ಮುಂದಕ್ಕೆ ಈ ದುಭಾಷಿಯು ಮನೆಯೊಳಗಿನವನೇ ಆದನು. ಆದರೂ ಹಳೆಯ ಸಿ.ಡಿ.ಗಳು ಮಾತ್ರ ಪೆಟ್ಟಿಗೆಗಳಲ್ಲಿ ಹಾಗೆಯೇ ಉಳಿದುವು. ನಮ್ಮ ಮನೆಯ ತೊಂದರೆಯ ಅರ್ಧ ಭಾಗವು ಅದರಿಂದಲೇ ಹುಟ್ಟಿತು.

ಹುಡುಗನು ಕಾರ್ಡನ್ನು ಕೂಡಿಸಿದನು. ಕಂಪ್ಯೂಟರಿನಲ್ಲಿದ್ದುದು ವಿಂಡೋಸ್ ೧೦. ಪೆಟ್ಟಿಗೆಯಲ್ಲಿ ಸಿ.ಡಿ.ಯಿದ್ದುದರಿಂದ, ಕೊಟ್ಟಿದ್ದಾರಲ್ಲ ಎಂದು ಅದರಲ್ಲಿದ್ದ ಡ್ರೈವರನ್ನೂ ಸೇರಿಸಿದನು. ಡಿವೈಸ್ ಮ್ಯಾನೇಜರ್ ಎಂಬ ಪುಟವನ್ನು ತೆರೆದು ನೋಡಲು, ಕಾರ್ಡಿನ ಹೆಸರಿನ ಬಳಿ ಹಳದಿ ಬಣ್ಣದ ತ್ರಿಕೋನವು ಕಾಣಿಸಿತು. ಒಳಗೆ, ಉಪಕರಣವು ಆರಂಭವಾಗಲಾರದೆಂದು ಹೇಳುವ ಹತ್ತನೆಯ ಸಂಕೇತ. ಕಂಪ್ಯೂಟರನ್ನು ಆರಿಸಿ ಮತ್ತೆ ಹೊತ್ತಿಸಿದನು, ತ್ರಿಕೋನವು ಹೋಗಿದ್ದಿತು. ಇನ್ನೊಂದು ಸಲ ಹೊತ್ತಿಸಿದರೆ ಮತ್ತೆ ಬಂದಿತು. ನಾಲ್ಕನೆಯ ಸಲ ಹೋಯಿತು. “ಈಗ ಸರಿಯಾಯಿತು,” ಎಂದು ತಾಯಿಯವರ ಡಿಸ್ಕನ್ನೂ, ಹೊಸದೊಂದು ಡಿಸ್ಕನ್ನೂ ಕಾರ್ಡಿಗೇ ತಗುಲಿಸಿ ಪ್ರತಿ ತೆಗೆಯತೊಡಗಿದನು. ನಾನೂ ನೋಡುತ್ತ ನಿಂತಿದ್ದೆನು, ಬೇಡವೆನ್ನಲಿಲ್ಲ.

ಮೂರು ನಾಲ್ಕು ನಿಮಿಷಗಳು ಕಳೆದಿರಬಹುದು. ಎರಡು ಡಿಸ್ಕುಗಳೂ ಒಟ್ಟಿಗೆ ಮಾಯವಾದುವು. ಬಿಚ್ಚಿ ಮತ್ತೆ ತಗುಲಿಸಿದಾಗ ಪರದೆಯ ಮೇಲೆ, ಈ ಡಿಸ್ಕನ್ನು ಉಪಯೋಗಿಸುವ ಮೊದಲು ಫಾರ್ಮ್ಯಾಟ್ ಮಾಡಬೇಕು, ಮಾಡಲೆ? ಎಂಬ ಪ್ರಶ್ನೆಯು ಬಂದಿತು. ಫಾರ್ಮ್ಯಾಟ್ ಮಾಡುವುದೆಂದರೆ ಹಲಗೆಯನ್ನು ಒರಸಿ ಹೊಸದಾಗಿ ಗೆರೆ ಹಾಕಿದಂತೆ. ಆಗ ಕೇಳುತ್ತಿದ್ದುದು ತಾಯಿಯವರ ಡಿಸ್ಕಿನ ವಿಷಯದಲ್ಲಿ. ಹುಡುಗನ ಮುಖವು ಬಿಳಿಚಿಕೊಂಡಿತು. ಬೇಡವೆಂಬುದನ್ನೇ ಒತ್ತಿದನು, ಆದರೆ, “ಇನ್ನೊಂದು ಸಲ ತಗುಲಿಸಿ ನೋಡುತ್ತೇನೆ,” ಎಂದು ಕೈಯೆತ್ತಿದನು.

ಅಡಿಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದ ನನ್ನ ಪತ್ನಿಯು ಆಗ ಹೇಳಿದ ಮಾತನ್ನು ನಾನು ಮರೆಯಲಾರೆನು. “ನೋಡಿ, ಅತ್ತೆಯವರ ಹಾಡಿರುವುದನ್ನೇ ಇಟ್ಟುಕೊಂಡು ಏಕೆ ಪರೀಕ್ಷೆ ಮಾಡುತ್ತೀರಿ? ಹೊಸ ಪಾತ್ರೆ ಸೋರುತ್ತದೆಯೋ ಇಲ್ಲವೋ ಎಂದು ನೋಡುವುದಕ್ಕೆ ಯಾರಾದರೂ ತುಪ್ಪ ಸುರಿಯುತ್ತಾರೆಯೆ? ನೀರು ಹಾಕಿ ನೋಡುತ್ತಾರೆ.”

ಕಂಪ್ಯೂಟರಿನ ವಿದ್ಯೆಯನ್ನು ಓದಿದವನಿಗೂ ಅವನ ತಂದೆಗೂ ಹೊಳೆಯದಿದ್ದ ವಿವೇಕವಿದು. ಆ ಕ್ಷಣವೇ ತಾಯಿಯವರ ಡಿಸ್ಕನ್ನು ಕಾರ್ಡಿನಿಂದ ಬಿಡಿಸಿದೆವು. ಸ್ವಲ್ಪ ಹೊತ್ತಿನ ಮೇಲೆ ಹಳೆಯ ದ್ವಾರವೊಂದಕ್ಕೆ ತಗುಲಿಸಲು, ದೇವರ ದಯೆಯಿಂದ ಅದು ತೆರೆದುಕೊಂಡಿತು, ಕಡತಗಳೆಲ್ಲ ಇದ್ದುವು. ನಿಧಾನವಾದರೇನು, ಮೊದಲನೆಯ ಪ್ರತಿಯನ್ನು ಹಳೆಯ ದ್ವಾರದ ಮೂಲಕವೇ ರಾತ್ರಿಯೆಲ್ಲ ತೆಗೆದೆವು. ಬೆಳಗಾಗುವುದರೊಳಗೆ ಕೆಲಸವು ಮುಗಿದಿದ್ದಿತು. ತಾಯಿಯವರ ಡಿಸ್ಕು ಬೀರುವನ್ನು ಸೇರಿತು. ಉಳಿದ ಎರಡು ಹೊಸ ಡಿಸ್ಕುಗಳಿಗೆ, ಹೋದರೂ ಚಿಂತೆಯಿಲ್ಲದ ಕೆಲವು ಸಿನಿಮಾ ಚಿತ್ರಗಳನ್ನು ತುಂಬಿದೆವು. ಇನ್ನು ನೀರು ಹಾಕಿ ನೋಡುವ ಕೆಲಸವು ಆರಂಭವಾಯಿತು.

ಒಂದು ನೋಟ್‌ಬುಕ್ಕನ್ನು ತೆಗೆದುಕೊಂಡು ಒಂದು ನಿಯಮವನ್ನು ಬರೆದೆವು: ಒಂದು ಸಲಕ್ಕೆ ಒಂದೇ ಬದಲಾವಣೆ, ಬದಲಾಯಿಸಿದುದನ್ನೂ ಆದ ಫಲವನ್ನೂ ಬರೆದಿಡಬೇಕು. ಕೇಳಬೇಕಾಗಿದ್ದ ಪ್ರಶ್ನೆಗಳು ಮೂರು. ದೋಷವು ಕಾರ್ಡಿನ ಹೊರಗಿರುವುದರಲ್ಲಿ ಇದೆಯೆ? ಡ್ರೈವರಿನಲ್ಲಿದೆಯೆ? ಅಥವಾ ಕಾರ್ಡಿನಲ್ಲಿಯೇ ಇದೆಯೆ?

ಮೊದಲನೆಯದು ಸುಲಭ. ನೆರೆಮನೆಯವರ ಹೊಸ ಲ್ಯಾಪ್‌ಟಾಪಿಗೆ ಅವೇ ಡಿಸ್ಕುಗಳನ್ನು ಅವೇ ತಂತಿಗಳಿಂದ ತಗುಲಿಸಿ ನೋಡಿದೆವು. ಒಂದು ಗಂಟೆಯ ಕಾಲ ಚ್ಯುತಿಯಿಲ್ಲದೆ ಪೂರ್ಣ ವೇಗದಿಂದ ನಡೆದುವು. ಅಲ್ಲಿಗೆ ಡಿಸ್ಕುಗಳೂ ತಂತಿಗಳೂ ನಿರ್ದೋಷಿಗಳೆಂದು ನಿರ್ಣಯವಾಯಿತು. ತಂತಿಯನ್ನು ಅಲಕ್ಷ್ಯ ಮಾಡಬಾರದೆಂಬುದನ್ನು ಇಲ್ಲಿ ಹೇಳಬೇಕು. ಒಂಬತ್ತು ಸಂಪರ್ಕಗಳಲ್ಲಿ ಹೊಸ ಐದರಲ್ಲೊಂದು ಕೆಟ್ಟರೆ, ಡಿಸ್ಕು ಹಳೆಯ ನಾಲ್ಕರ ಮೂಲಕ ಎರಡನೆಯ ತಲೆಮಾರಿನ ವೇಗದಲ್ಲಿ ನಡೆಯುವುದುಂಟು. ನೀಲಿ ದ್ವಾರದಲ್ಲಿ ತಗುಲಿಸಿದರೂ ವೇಗವು ಹೆಚ್ಚದಿದ್ದರೆ ಮೊದಲು ಸಂಶಯಪಡಬೇಕಾದುದು ತಂತಿಯನ್ನು.

ಎರಡನೆಯದು ದುಭಾಷಿಯ ವಿಚಾರಣೆ. ಪೆಟ್ಟಿಗೆಯ ಮೇಲಣ ಹೆಸರನ್ನು ನಂಬಿ ಫಲವಿಲ್ಲ. ಕಾರ್ಡನ್ನು ಮಾರುವವರು ಅನೇಕರು; ಅದರ ಮೇಲಿನ ಮುಖ್ಯ ಚಿಪ್ಪನ್ನು ಮಾಡುವವರು ಕೆಲವರೇ. ಒಂದೊಂದು ಚಿಪ್ಪಿನಲ್ಲಿಯೂ ತಯಾರಕರ ಸಂಖ್ಯೆಯೊಂದು ಅಡಗಿರುತ್ತದೆ. ಡಿವೈಸ್ ಮ್ಯಾನೇಜರಿನಲ್ಲಿ ಕಾರ್ಡಿನ ವಿವರಗಳನ್ನು ತೆರೆದು ಹಾರ್ಡ್‌ವೇರ್ ಐ.ಡಿ. ಎಂಬುದನ್ನು ನೋಡಿದರೆ ಅದು ಕಾಣುವುದು. ೧೦೩೩ ಎಂದಿದ್ದರೆ ಎನ್.ಇ.ಸಿ., ೧೯೧೨ ಎಂದಿದ್ದರೆ ರೆನೆಸಾಸ್, ೧೧೦೬ ಎಂದಿದ್ದರೆ ವಿಯಾ, ೮೦೮೬ ಎಂದಿದ್ದರೆ ಇಂಟೆಲ್. ನಮ್ಮದರಲ್ಲಿ ಇದ್ದುದು ೧೯೧೨. ಸಿ.ಡಿ.ಯಲ್ಲಿದ್ದ ಡ್ರೈವರೂ ಅದೇ ಚಿಪ್ಪಿನದೇ ಸರಿ. ಆದರೆ ಅದರ ತಾರೀಖು ೨೦೧೨ನೆಯ ಇಸವಿಯದು, ವಿಂಡೋಸ್ ೭ಕ್ಕಾಗಿ ಬರೆದುದು. ವಿಂಡೋಸ್ ೧೦ರಲ್ಲಿ ಮನೆಯ ದುಭಾಷಿಯಿರುವಾಗ ಅವನನ್ನು ಹೊರದೂಡಿ ಈ ಪರಕೀಯನನ್ನು ಕೂಡಿಸಿದವರು ನಾವೇ.

ಆ ಡ್ರೈವರನ್ನು ತೆಗೆದುಹಾಕಿದೆವು. ತೆಗೆಯುವಾಗ ಅದರ ಕಡತಗಳನ್ನೂ ಅಳಿಸಬೇಕೆಂಬ ಚೌಕದಲ್ಲಿ ಗುರುತು ಹಾಕದಿದ್ದರೆ, ಮುಂದಿನ ಸಲ ಹೊತ್ತಿಸಿದಾಗ ಅದೇ ಡ್ರೈವರು ಮರಳಿ ಬಂದು ಕೂಡುತ್ತದೆ. ಅನೇಕರು ಎಡವುವುದು ಇಲ್ಲಿಯೇ. ಕಂಪ್ಯೂಟರನ್ನು ಹತ್ತು ಸಲ ಆರಿಸಿ ಹೊತ್ತಿಸಿದೆವು. ಹತ್ತು ಸಲವೂ ತ್ರಿಕೋನವು ಬರಲಿಲ್ಲ. ಒಂದು ಡಿಸ್ಕನ್ನು ಮಾತ್ರ ಕಾರ್ಡಿಗೆ ತಗುಲಿಸಿ ಒಂದು ಗಂಟೆಯ ಕಾಲ ಪ್ರತಿ ತೆಗೆದೆವು, ಚೆನ್ನಾಗಿ ನಡೆಯಿತು. ಹುಡುಗನು ಹಿಗ್ಗಿ ಎರಡನೆಯ ಡಿಸ್ಕನ್ನೂ ತಗುಲಿಸಿದನು. ಮೂರು ನಿಮಿಷಗಳಲ್ಲಿ ಎರಡೂ ಮಾಯ!

ಈ ಘಟ್ಟದಲ್ಲಿ ಮನುಷ್ಯನ ತಾಳ್ಮೆಯು ಕೆಡುವುದು ಸಹಜ. ಡ್ರೈವರನ್ನು ಬದಲಾಯಿಸಿದುದರಿಂದ ಏನೂ ಆಗಲಿಲ್ಲವೆಂದು ತೋರುತ್ತದೆ. ಆದರೆ ನೋಟ್‌ಬುಕ್ಕನ್ನು ನೋಡಿದರೆ ಹಾಗಿರಲಿಲ್ಲ. ಆರಂಭವಾಗದಿರುವ ದೋಷವು ಹೋಗಿದ್ದಿತು. ನಡುವೆ ನಿಲ್ಲುವ ದೋಷವು ಮಾತ್ರ ಉಳಿದಿದ್ದಿತು. ಅಂದರೆ ಕಾಯಿಲೆಗಳು ಎರಡು. ಒಂದರ ನೆರಳಿನಲ್ಲಿ ಇನ್ನೊಂದು ಅಡಗಿದ್ದಿತು.

ಉಳಿದುದು ಡ್ರೈವರಿನದೋ ಕಾರ್ಡಿನದೋ ಎಂದು ತಿಳಿಯಲು ಒಂದು ಒಳ್ಳೆಯ ಉಪಾಯವುಂಟು. ದುಭಾಷಿಯನ್ನೇ ಬದಲಾಯಿಸಿ ನೋಡುವುದು. ಲಿನಕ್ಸನ್ನು ಒಂದು ಪೆನ್ ಡ್ರೈವಿನಲ್ಲಿ ತುಂಬಿಕೊಂಡು, ಕಂಪ್ಯೂಟರಿನೊಳಗಿನ ವಿಂಡೋಸನ್ನು ಮುಟ್ಟದೆಯೇ, ಅದರಿಂದಲೇ ಕಂಪ್ಯೂಟರನ್ನು ನಡೆಸಬಹುದು. ಅದಕ್ಕೆ ಕಾಸು ಖರ್ಚಿಲ್ಲ. ಅಲ್ಲಿ ಕಾರ್ಡಿನೊಡನೆ ಮಾತನಾಡುವುದು ಬೇರೆಯವರು ಬರೆದ ಬೇರೆ ಡ್ರೈವರು. ಇಬ್ಬರು ಬೇರೆ ಬೇರೆ ದುಭಾಷಿಗಳು ಒಂದೇ ಕಡೆಯಲ್ಲಿ ಒಂದೇ ವಿಧವಾಗಿ ತೊದಲಿದರೆ, ತಪ್ಪು ದುಭಾಷಿಗಳದಲ್ಲ. ಪೆನ್ ಡ್ರೈವನ್ನು ಹಳೆಯ ದ್ವಾರಕ್ಕೂ ಡಿಸ್ಕುಗಳನ್ನು ಕಾರ್ಡಿಗೂ ತಗುಲಿಸಿ ನಡೆಸಿದೆವು. ಒಂದು ಡಿಸ್ಕು, ನಿರ್ವಿಘ್ನ. ಎರಡು ಡಿಸ್ಕು, ಮೂರು ನಿಮಿಷದಲ್ಲಿ ಮಾಯ. ಲಿನಕ್ಸು ತನ್ನ ದಿನಚರಿಯಲ್ಲಿ ಉಪಕರಣಗಳೆರಡೂ ಒಂದೇ ಹೊತ್ತಿನಲ್ಲಿ ಬಿಟ್ಟುಹೋದುದನ್ನು ಸಾಲು ಸಾಲಾಗಿ ಬರೆದಿದ್ದಿತು.

ಒಂದು ಸರಿ, ಎರಡು ತಪ್ಪು. ಇದು ಭಾಷೆಯ ಕಥೆಯಲ್ಲ, ಅನ್ನದ ಕಥೆ. ಒಬ್ಬನಿಗೆ ಸಾಲುವ ಅಡಿಗೆಯು ಇಬ್ಬರಿಗೆ ಸಾಲದಂತೆ, ಎರಡು ಡಿಸ್ಕುಗಳಿಗೆ ವಿದ್ಯುತ್ತು ಸಾಲುತ್ತಿರಲಿಲ್ಲ. ಎರಡನೆಯ ತಲೆಮಾರಿನ ದ್ವಾರವೊಂದು ೫ ವೋಲ್ಟಿನಲ್ಲಿ ೫೦೦ ಮಿಲಿಆಂಪಿಯರಿನವರೆಗೆ ಕೊಡತಕ್ಕದ್ದು; ಮೂರನೆಯದು ೯೦೦ ಮಿಲಿಆಂಪಿಯರ್, ಎಂದರೆ ನಾಲ್ಕೂವರೆ ವ್ಯಾಟು. ನಾಲ್ಕು ದ್ವಾರಗಳೂ ಪೂರ್ತಿಯಾಗಿ ಕೇಳಿದರೆ ೧೮ ವ್ಯಾಟಾಯಿತು. ಕಾರ್ಡು ಕುಳಿತಿರುವ ಚಿಕ್ಕ ಕಿಂಡಿಯೊಂದರಿಂದಲೇ ಇಷ್ಟನ್ನೂ ಒದಗಿಸುವುದು ಕಷ್ಟವೆಂದು, ಇಂಥ ಕಾರ್ಡುಗಳ ಹಿಂಬದಿಯಲ್ಲಿ ಬೇರೊಂದು ವಿದ್ಯುತ್ ಸಂಪರ್ಕಕ್ಕೆ ಸ್ಥಳವಿಟ್ಟಿರುತ್ತಾರೆ. ನಮ್ಮ ಕಾರ್ಡಿನಲ್ಲಿಯೂ ನಾಲ್ಕು ಮುಳ್ಳುಗಳ ಅಂಥ ಬಿಳಿಯ ಬಾಯೊಂದಿದ್ದಿತು. ಅದು ಬರಿದಾಗಿದ್ದಿತು.

“ಅದನ್ನು ನೋಡಿದ್ದೆ, ಅಪ್ಪ. ಬೇಕಿಲ್ಲವೇನೋ ಎಂದುಕೊಂಡೆ,” ಎಂದನು ಹುಡುಗ. ಕಂಪ್ಯೂಟರನ್ನು ಆರಿಸಿ, ಗೋಡೆಯ ತಂತಿಯನ್ನು ಕಿತ್ತು, ಕೈಯಲ್ಲಿರಬಹುದಾದ ಸ್ಥಿರವಿದ್ಯುತ್ತು ಇಳಿಯಲೆಂದು ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ, ಆಮೇಲೆ ಮುಚ್ಚಳವನ್ನು ತೆರೆದೆವು. ವಿದ್ಯುತ್ ಪೆಟ್ಟಿಗೆಯಿಂದ ಬರುವ ತಂತಿಗಳಲ್ಲಿ ಉಪಯೋಗವಿಲ್ಲದೆ ತೂಗುತ್ತಿದ್ದುದೊಂದು ಆ ಬಿಳಿಯ ಬಾಯಿಗೆ ಸರಿಯಾಗಿ ಹೊಂದಿತು. ಇಷ್ಟೇ ಚಿಕಿತ್ಸೆ. ಎರಡು ಡಿಸ್ಕುಗಳನ್ನು ತಗುಲಿಸಿ ರಾತ್ರಿಯೆಲ್ಲ ನಡೆಸಿದೆವು. ಬೆಳಗಿನವರೆಗೂ ಒಮ್ಮೆಯಾದರೂ ನಿಲ್ಲಲಿಲ್ಲ.

ಈ ಕ್ರಮದಿಂದಾದ ಲಾಭವನ್ನು ಯೋಚಿಸಬೇಕು. ಮೊದಲೇ ನಾವು ವಿದ್ಯುತ್ತಿನ ತಂತಿಯನ್ನು ಮಾತ್ರ ಹಾಕಿ, ಹಳೆಯ ಡ್ರೈವರನ್ನು ಬಿಟ್ಟಿದ್ದರೆ, ತ್ರಿಕೋನವು ಬರುತ್ತಲೇ ಇರುತ್ತಿದ್ದಿತು. ಕಾರ್ಡೇ ಕೆಟ್ಟುದೆಂದು ಅಂಗಡಿಯವನೊಡನೆ ಜಗಳವಾಡುತ್ತಿದ್ದೆವು. ಡ್ರೈವರನ್ನು ಮಾತ್ರ ಬದಲಾಯಿಸಿ ನಿಲ್ಲಿಸಿದ್ದರೆ, ಡಿಸ್ಕುಗಳು ಮಾಯವಾಗುತ್ತಲೇ ಇರುತ್ತಿದ್ದುವು. ವಿಂಡೋಸನ್ನೇ ಅಳಿಸಿ ಹೊಸದಾಗಿ ಹಾಕುತ್ತಿದ್ದೆವು. ಎಲ್ಲವನ್ನೂ ಒಂದೇ ಸಲ ಬದಲಾಯಿಸಿದ್ದರೆ ಪ್ರಾಯಶಃ ಸರಿಯಾಗುತ್ತಿದ್ದಿತು. ಆದರೆ ಯಾವುದರಿಂದ ಸರಿಯಾಯಿತೆಂದು ತಿಳಿಯದೆ, ಮುಂದಿನ ಸಲ ಮತ್ತೆ ಕತ್ತಲೆಯಲ್ಲಿಯೇ ತಡಕಾಡಬೇಕಾಗುತ್ತಿದ್ದಿತು.

ಎಲ್ಲ ಮನೆಗಳ ಕಾಯಿಲೆಯೂ ಇದೇ ಆಗಿರಬೇಕೆಂದೇನೂ ಇಲ್ಲ. ಸಾಮಾನ್ಯವಾಗಿ ಕಾಣುವ ಬೇರೆ ಕೆಲವನ್ನೂ ಹೇಳುತ್ತೇನೆ.

ಸ್ವಲ್ಪ ಹೊತ್ತು ಸುಮ್ಮನಿದ್ದ ಮೇಲೆ ಮಾತ್ರ ಉಪಕರಣವು ಮಾಯವಾಗುತ್ತಿದ್ದರೆ, ವಿದ್ಯುತ್ತನ್ನು ಉಳಿಸುವುದಕ್ಕಾಗಿ ಕಂಪ್ಯೂಟರೇ ಅದನ್ನು ಮಲಗಿಸುತ್ತಿರಬಹುದು. ಡಿವೈಸ್ ಮ್ಯಾನೇಜರಿನ ಪವರ್ ಮ್ಯಾನೇಜ್‌ಮೆಂಟ್ ಪುಟದಲ್ಲಿ ಆ ಅನುಮತಿಯನ್ನು ತೆಗೆದು ನೋಡಬೇಕು. ನಿದ್ರೆಯಿಂದ ಎದ್ದ ಮೇಲೆ ಡಿಸ್ಕು ಕಾಣದಿರುವುದಕ್ಕೆ ಚಿಪ್ಪಿನ ಕೊರತೆಯೇ ಕಾರಣವಾದ ನಿದರ್ಶನವೂ ಉಂಟು. ೨೦೧೩ರಲ್ಲಿ ಇಂಟೆಲ್ ಸಂಸ್ಥೆಯ ಎಂಟನೆಯ ಶ್ರೇಣಿಯ ಚಿಪ್‌ಸೆಟ್ಟುಗಳ ಮೊದಲ ಆವೃತ್ತಿಯಲ್ಲಿ ಇಂಥ ದೋಷವು ಕಂಡುಬಂದು, ಸಂಸ್ಥೆಯು ತಿದ್ದಿದ ಆವೃತ್ತಿಯನ್ನು ಹೊರಡಿಸಬೇಕಾಯಿತು. ದೊಡ್ಡವರ ಕೆಲಸದಲ್ಲಿ ದೋಷವೇ ಇರದೆಂದು ಭಾವಿಸಲಾಗದು.

ಡಿಸ್ಕು ಸರಿಯಾಗಿ ನಡೆಯುತ್ತಿದ್ದು, ತಂತಿಯಿಲ್ಲದ ಮೌಸು ಮಾತ್ರ ಕುಂಟುತ್ತಿದ್ದರೆ ಅದು ಡ್ರೈವರಿನ ತಪ್ಪಲ್ಲ. ಮೂರನೆಯ ತಲೆಮಾರಿನ ತಂತಿಗಳೂ ಉಪಕರಣಗಳೂ ಕೆಲಸಮಾಡುವಾಗ ೨.೪ ಗಿಗಾಹರ್ಟ್ಸಿನ ಸುತ್ತಮುತ್ತ ರೇಡಿಯೋ ಗದ್ದಲವನ್ನು ಹೊರಡಿಸುತ್ತವೆಂದು ೨೦೧೨ರಲ್ಲಿ ಇಂಟೆಲ್ ಸಂಸ್ಥೆಯೇ ಪ್ರಕಟಿಸಿದೆ. ತಂತಿಯಿಲ್ಲದ ಅನೇಕ ಮೌಸುಗಳು ಮಾತನಾಡುವುದೂ ಅದೇ ಸ್ಥಾನದಲ್ಲಿ. ಮೌಸಿನ ಪುಟ್ಟ ಗ್ರಾಹಕವನ್ನು ಒಂದು ಮೊಳದ ತಂತಿಯಿಂದ ದೂರಕ್ಕೆ ಸರಿಸಿದರೆ ಬಹುಮಟ್ಟಿಗೆ ಗುಣವಾಗುತ್ತದೆ.

ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಕಾರ್ಡಿನ ಹೆಸರೇ ಪಟ್ಟಿಯಲ್ಲಿ ಕಾಣದಿದ್ದರೆ, ಕಾರ್ಡನ್ನು ಕಿತ್ತು ಬೇರೆ ಕಿಂಡಿಯಲ್ಲಿಯೂ, ಸಾಧ್ಯವಾದರೆ ಬೇರೆ ಕಂಪ್ಯೂಟರಿನಲ್ಲಿಯೂ ಕೂಡಿಸಿ ನೋಡಬೇಕು. ಅಲ್ಲಿಯೂ ಕಾಣದಿದ್ದರೆ ಕಾರ್ಡು ಸತ್ತಿತೆಂದು ತಿಳಿದು, ರಸೀತಿಯೊಡನೆ ಅಂಗಡಿಗೆ ಹಿಂತಿರುಗಿಸುವುದೇ ಸರಿ. ಡ್ರೈವರುಗಳನ್ನು ತಾವೇ ಹುಡುಕಿ ಸರಿಪಡಿಸುವೆವೆಂದು ಹೇಳಿಕೊಂಡು ಬರುವ ಅಪರಿಚಿತ ಸಾಧನಗಳನ್ನು ಮನೆಯ ಕಂಪ್ಯೂಟರಿಗೆ ಸೇರಿಸಕೂಡದು. ಡ್ರೈವರು ಬೇಕಾದರೆ ಆಪರೇಟಿಂಗ್ ಸಿಸ್ಟಮಿನಿಂದಲೇ ಬರಬೇಕು, ಇಲ್ಲವೆ ಚಿಪ್ಪನ್ನೊ ಕಾರ್ಡನ್ನೊ ತಯಾರಿಸಿದವರಿಂದ ಬರಬೇಕು. ವಿಂಡೋಸ್ ೧೦ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯು ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ನೆಯ ಅಕ್ಟೋಬರ್ ೧೪ರಂದು ಮುಗಿದಿರುವುದರಿಂದ, ಹಳೆಯ ಕಂಪ್ಯೂಟರುಳ್ಳವರು ಬೇರೆ ಆಪರೇಟಿಂಗ್ ಸಿಸ್ಟಮಿಗೆ ಹೋಗುವಾಗ ತಮ್ಮ ಕಾರ್ಡುಗಳಿಗೆ ಅಲ್ಲಿ ದುಭಾಷಿಯಿರುವನೆ ಎಂಬುದನ್ನು ಪೆನ್ ಡ್ರೈವಿನ ಉಪಾಯದಿಂದ ಮುಂಚಿತವಾಗಿಯೇ ನೋಡಿಕೊಳ್ಳುವುದು ಲೇಸು.

ಕಾರ್ಡು ಗುಣವಾದ ಮೇಲೆ ಉಳಿದೆರಡು ಪ್ರತಿಗಳನ್ನು ತೆಗೆದುದು ಮೊದಲನೆಯ ಪ್ರತಿಯಿಂದ; ತಾಯಿಯವರ ಡಿಸ್ಕನ್ನು ಕಾರ್ಡಿನ ಹತ್ತಿರಕ್ಕೂ ತರಲಿಲ್ಲ. ಪ್ರತಿಯು ಮುಗಿಯಿತೆಂದು ಪರದೆಯು ಹೇಳಿದ ಮಾತ್ರಕ್ಕೆ ನಂಬದೆ, ಕಡತಗಳನ್ನು ತಾಳೆ ನೋಡಿದೆವು. ಒಂದು ಕಡತದ ಅಕ್ಷರ ಅಕ್ಷರವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಒಂದು ಮೊತ್ತವನ್ನು ಕಟ್ಟುವ ಸಾಧನವು ವಿಂಡೋಸಿನಲ್ಲಿಯೂ ಲಿನಕ್ಸಿನಲ್ಲಿಯೂ ಇದೆ. ಅದಕ್ಕೆ ಹ್ಯಾಶ್ ಎಂದು ಹೆಸರು. ಎರಡು ಕಡೆಯ ಮೊತ್ತಗಳೂ ಒಂದೇ ಆದರೆ ಪ್ರತಿಯು ಶುದ್ಧ. ಜಮಾಖರ್ಚಿನ ಪುಸ್ತಕವನ್ನು ಮುಗಿಸುವ ಮೊದಲು ಎರಡು ಕಡೆಯ ಮೊತ್ತವನ್ನೂ ಸರಿನೋಡುವಂತೆಯೇ ಇದು. ಹಾಗೆ ನೋಡುವಾಗ, ಮೊದಲನೆಯ ದಿನ ನಡುವೆ ನಿಂತ ಪ್ರತಿಯಲ್ಲಿ ಹಾಡಿನ ಕಡತವೊಂದು ಹೆಸರಿಗೆ ಮಾತ್ರ ಇದ್ದು ಒಳಗೆ ಅರ್ಧವೇ ಇದ್ದುದು ಕಂಡಿತು. ಅದನ್ನು ನಂಬಿ ಮೂಲವನ್ನು ಅಳಿಸಿದ್ದರೆ ಆ ಹಾಡು ಅರ್ಧಕ್ಕ

ೇ ನಿಂತುಹೋಗುತ್ತಿದ್ದಿತು.

ಶ್ರಾದ್ಧದ ಮರುದಿನ ತಂಗಿಯು ಊರಿಗೆ ಹೊರಡುವಾಗ ಡಿಸ್ಕನ್ನು ಸೀರೆಗಳ ನಡುವೆ ಸುತ್ತಿಟ್ಟುಕೊಂಡಳು. ತಮ್ಮನು ತನ್ನದನ್ನು ಆ ಸಂಜೆಯೇ ತಗುಲಿಸಿ, ಬೀಸುವ ಹಾಡೊಂದನ್ನು ಎಲ್ಲರಿಗೂ ಕೇಳಿಸಿದನು. ತಾಯಿಯವರು ನಡುವೆ ಪದವೊಂದನ್ನು ಮರೆತು, ನಕ್ಕು, ಮತ್ತೆ ಮೊದಲಿನಿಂದ ಹಾಡಿದ್ದು ಹಾಗೆಯೇ ಇದ್ದಿತು. ಹಳೆಯ ಡಿಸ್ಕು ಮುಂದಿನ ವರ್ಷದಲ್ಲಿಯೇ ತಿರುಗುವುದನ್ನು ನಿಲ್ಲಿಸಿತು. ಆಗ ಮನೆಯಲ್ಲಿ ಯಾರೂ ಗಾಬರಿಪಡಲಿಲ್ಲ.

ಗೃಹಸ್ಥರು ಇದರಿಂದ ನೆನಪಿಡಬೇಕಾದುದು ಇಷ್ಟು. ಬೆಲೆಯುಳ್ಳದ್ದನ್ನು ಮೊದಲು ದೂರವಿಡಿ. ಬೆಲೆಯಿಲ್ಲದ್ದರಿಂದ ಪರೀಕ್ಷೆ ಮಾಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಬರೆದಿಡಿ. ಯಂತ್ರವನ್ನು ದೂರುವ ಮೊದಲು ದುಭಾಷಿಯನ್ನು ಬದಲಾಯಿಸಿ ನೋಡಿ. ದುಭಾಷಿಯನ್ನು ದೂರುವ ಮೊದಲು ಯಂತ್ರಕ್ಕೆ ಹೊಟ್ಟೆ ತುಂಬಿದೆಯೇ ಎಂದು ವಿಚಾರಿಸಿ. ನಮ್ಮ ಮನೆಯ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಹುಡುಗನು ತನ್ನ ತಾಯಿಯ ಮಾತನ್ನೇ ಬರೆದಿಟ್ಟಿದ್ದಾನೆ: ಮೊದಲು ನೀರು, ಆಮೇಲೆ ತುಪ್ಪ.